ಮೊದಲ ಕಾರ್ನ್ ಸ್ನೇಕ್: ಯಾವ ಮರಿಯನ್ನು ಆರಿಸಬೇಕು, ಕೈಗೆ ಹೇಗೆ ಎತ್ತಿಕೊಳ್ಳಬೇಕು?

ಪ್ರಶ್ನೆ
ಬರೆದವರು: ಮುಂಜಾವು

ಎಲ್ಲರಿಗೂ ನಮಸ್ಕಾರ.

ಸಾಕಷ್ಟು ಓದಿಕೊಂಡು, ಮನೆಯವರೊಂದಿಗೆ ಚರ್ಚಿಸಿ, ಒಂದು ಕಾರ್ನ್ ಸ್ನೇಕ್ ಸಾಕಲು ನಿರ್ಧರಿಸಿದ್ದೇನೆ. ಇದು ನಾನು ಸಾಕಲಿರುವ ಮೊದಲ ಹಾವು. ಚೆನ್ನಾಗಿ ನೋಡಿಕೊಂಡರೆ 15ರಿಂದ 20 ವರ್ಷ ಬದುಕುವ ಪ್ರಾಣಿ ಎಂದು ತಿಳಿದಿರುವುದರಿಂದ, ಆರಿಸುವ ಹಂತದಲ್ಲೇ ಅನುಭವಸ್ಥರನ್ನು ಕೇಳುವುದು ಒಳ್ಳೆಯದೆನಿಸಿತು. ಪೆಟ್ಟಿಗೆ ಸಿದ್ಧವಾಗಿದೆ. ಒಂದು ತುದಿಯಲ್ಲಿ ಸುಮಾರು 30 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿಯಲ್ಲಿ 24 ಡಿಗ್ರಿ ಇರುವಂತೆ ಥರ್ಮೋಸ್ಟಾಟ್ ಹೊಂದಿಸಿ, ಹಾವು ಬರುವ ಮೊದಲೇ ಎಲ್ಲವನ್ನೂ ಚಾಲೂ ಇಟ್ಟು ಗಮನಿಸುತ್ತಿದ್ದೇನೆ. ಎರಡೂ ತುದಿಗಳಲ್ಲಿ ಒಂದೊಂದು ಅಡಗುದಾಣ, ಒಂದು ನೀರಿನ ಬಟ್ಟಲು, ಹತ್ತಲು ಕೊಂಬೆ ಇವೆ.

ನನ್ನ ಗೊಂದಲ ಎರಡು ಹಾವುಗಳ ನಡುವೆ. ನಾನು ಮಾತನಾಡಿಸಿದ ಸಾಕಣೆದಾರರ ಬಳಿ ಮೊಟ್ಟೆಯಿಂದ ಹೊರಬಂದು ಕೆಲವೇ ವಾರಗಳಾದ, ‘ಸ್ನೋ’ ಎಂದು ಕರೆಯುವ ಬಿಳಿ ಬಣ್ಣದ ಮರಿಯೊಂದಿದೆ. ಅದನ್ನು ನೋಡಿದಾಗ ಕಣ್ಣು ಕೀಳಲಾಗಲಿಲ್ಲ. ಅದೇ ಮನೆಯಲ್ಲಿ ಸುಮಾರು ಒಂದು ವರ್ಷ ವಯಸ್ಸಿನ, ಕಿತ್ತಳೆ ಮತ್ತು ಕೆಂಪು ಮಚ್ಚೆಗಳ ಸಹಜ ಬಣ್ಣದ ಹಾವೂ ಇದೆ. ಎಳೆಯ ಮರಿಯಾದರೆ ಕೈಗೆ ಬೇಗ ಹೊಂದಿಕೊಳ್ಳುತ್ತದೆ, ದೊಡ್ಡದಾದ ಮೇಲೆ ಕಷ್ಟ ಎಂದು ಅವರು ಹೇಳುತ್ತಾರೆ. ಇದು ನಿಜವೇ? ಹಾವನ್ನು ಎದುರಿಗಿಟ್ಟುಕೊಂಡಾಗ ಅದರ ಆರೋಗ್ಯವನ್ನು ನಾನು ಹೇಗೆ ಅಳೆಯಬೇಕು?

ಇನ್ನೊಂದು ವಿಷಯ. ನನಗೆ ಹಾವು ಕಚ್ಚುತ್ತದೆ ಎಂಬ ಭಯ ಹೆಚ್ಚಿಲ್ಲ, ಏಕೆಂದರೆ ಇದು ವಿಷರಹಿತವೆಂದು ಗೊತ್ತಿದೆ. ಆದರೆ ಅದು ಥಟ್ಟನೆ ಹೊರಳಿದಾಗ ನಾನು ಬೆಚ್ಚಿ ಕೈ ಕೊಡವಿ ಅದನ್ನು ಕೆಳಗೆ ಬೀಳಿಸಿಬಿಟ್ಟರೆ ಎಂಬ ಭಯ ಬಲವಾಗಿದೆ. ಮನೆಗೆ ತಂದ ಎಷ್ಟು ದಿನಗಳ ನಂತರ, ಯಾವ ಕ್ರಮದಲ್ಲಿ ಅದನ್ನು ಎತ್ತಿಕೊಳ್ಳಲು ಆರಂಭಿಸಬೇಕೆಂದು ದಯವಿಟ್ಟು ತಿಳಿಸಿ.

ಉತ್ತರ
ಬರೆದವರು: ಕಲ್ಲುಸಂದಿ

ಮುಂಜಾವು ಅವರೇ, ಪೆಟ್ಟಿಗೆಯನ್ನು ಸಿದ್ಧಪಡಿಸಿದ ಮೇಲೆ ಹಾವಿನ ಮಾತೆತ್ತಿದ್ದೀರಿ, ಅದೇ ಸರಿಯಾದ ಕ್ರಮ. ನೀವು ಹೇಳಿದ ಎರಡರಲ್ಲಿ ಒಂದನ್ನು ಆರಿಸಲು ಕೇಳಿದರೆ ನಾನು ಹಿಂದೆ ಮುಂದೆ ನೋಡದೆ ಒಂದು ವರ್ಷದ ಹಾವನ್ನು ತನ್ನಿ ಎನ್ನುತ್ತೇನೆ.

ಕಾರಣ ಬಣ್ಣವಲ್ಲ, ಊಟ. ಕಾರ್ನ್ ಸ್ನೇಕ್‌ನ ತವರು ಅಮೆರಿಕದ ಆಗ್ನೇಯ ಭಾಗ. ಅಲ್ಲಿಯ ಕಾಡು, ಹುಲ್ಲುಗಾವಲು, ಹೊಲದಂಚುಗಳಲ್ಲಿ ಮೊಟ್ಟೆಯೊಡೆದು ಬಂದ ಮರಿಗಳು ಮೊದಲು ಹುಡುಕುವುದು ಸಣ್ಣ ಹಲ್ಲಿಗಳನ್ನು, ಮರಗಪ್ಪೆಗಳನ್ನು. ಇಲಿಗಳ ಬೇಟೆ ಬೆಳೆದಂತೆ ಬರುವುದು. ಹಾಗಾಗಿ ಸಾಕಣೆಯಲ್ಲಿ ಹುಟ್ಟಿದ ಮರಿಗಳಲ್ಲೂ ಕೆಲವು, ಪಿಂಕಿ ಎಂದು ಕರೆಯುವ ರೋಮ ಮೂಡದ ಇಲಿಮರಿಯನ್ನು ಊಟವೆಂದೇ ಗುರುತಿಸದೆ ವಾರಗಟ್ಟಲೆ ಬಾಯಿ ಮುಚ್ಚಿಕೊಂಡು ಕೂರುತ್ತವೆ. ಹೊಸ ಮರಿಯ ತೂಕ ಸಾಮಾನ್ಯವಾಗಿ ಹತ್ತು ಗ್ರಾಮ್ ಕೂಡ ಇರುವುದಿಲ್ಲ. ಅಷ್ಟು ಸಣ್ಣ ಮೈಯಲ್ಲಿ ಉಪವಾಸಕ್ಕೆ ಇರುವ ದಾಸ್ತಾನು ಕಡಿಮೆ, ಮತ್ತು ಉಣ್ಣದ ಮರಿಯನ್ನು ಉಣ್ಣುವಂತೆ ಮಾಡುವುದು ಪಳಗಿದವರಿಗೂ ತಾಳ್ಮೆಯ ಕೆಲಸ. ಒಂದು ವರ್ಷದ ಹಾವು ಆ ಘಟ್ಟವನ್ನು ದಾಟಿ ಬಂದಿರುತ್ತದೆ. ಅದು ಹತ್ತಾರು ಬಾರಿ ತಿಂದಿದೆ, ಹಲವು ಸಲ ಪೊರೆ ಕಳಚಿದೆ, ಅದರ ಬೆನ್ನೆಲುಬಿನಲ್ಲೋ ಉಸಿರಾಟದಲ್ಲೋ ದೋಷವಿದ್ದಿದ್ದರೆ ಇಷ್ಟರಲ್ಲಿ ಹೊರಗೆ ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಮೊದಲ ಹಾವು ಎಂದ ಮೇಲೆ ನೀವು ಕಲಿಯಬೇಕಾದದ್ದು ಬಹಳ ಇರುತ್ತದೆ. ಅದರ ಜೊತೆಗೆ ಮರಿಯ ಊಟದ ಚಿಂತೆಯೂ ಸೇರುವುದು ಬೇಡ.

ಎಳೆಯದು ಬೇಗ ಹೊಂದಿಕೊಳ್ಳುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹದ್ದು, ಕಾಗೆ, ಬೇರೆ ಹಾವು, ಹೀಗೆ ಎಲ್ಲವೂ ತನ್ನನ್ನು ತಿನ್ನಬಹುದು ಎಂಬ ಎಚ್ಚರ ಮರಿಯ ಮೈಯಲ್ಲೇ ಇರುತ್ತದೆ. ಅದಕ್ಕೇ ಮರಿಗಳು ಪುಟಪುಟನೆ ಓಡುತ್ತವೆ, ಬಾಲ ನಡುಗಿಸುತ್ತವೆ, ಎರಗುವಂತೆ ನಟಿಸುತ್ತವೆ. ಬೆಳೆದಂತೆ ಆ ದಿಗಿಲು ತಾನಾಗಿ ತಗ್ಗುತ್ತದೆ. ನೀವು ಬೆಚ್ಚಿ ಬೀಳಿಸುವ ಭಯವಿದೆ ಎಂದಿದ್ದೀರಿ. ಆ ಭಯವಿರುವವರ ಕೈಗೆ, ಬೆರಳ ಸಂದಿಯಿಂದ ಜಾರಿ ಹೋಗುವ ಮರಿಗಿಂತ ಎರಡು ಅಡಿ ಉದ್ದದ, ತುಸು ತೂಕವಿರುವ ಹಾವು ಹೆಚ್ಚು ಭರವಸೆ ಕೊಡುತ್ತದೆ.

ಬಣ್ಣದ ಬಗ್ಗೆ ಒಂದು ಮಾತು. ಸ್ನೋ ಎನ್ನುವುದು ಕಪ್ಪು ವರ್ಣದ್ರವ್ಯವಿಲ್ಲದ ಮತ್ತು ಕೆಂಪು ವರ್ಣದ್ರವ್ಯವಿಲ್ಲದ ಎರಡು ಅಪ್ರಬಲ ಗುಣಗಳು ಒಂದೇ ಹಾವಿನಲ್ಲಿ ಕೂಡಿದಾಗ ಬರುವ ರೂಪ. ಈಗ ನಸುಗೆಂಪು ಬೆರೆತ ಬಿಳಿಯಾಗಿ ಕಾಣುವ ಮರಿಯ ಕುತ್ತಿಗೆಯ ಬದಿಗಳಲ್ಲಿ ದೊಡ್ಡದಾಗುತ್ತ ಹಳದಿ ಛಾಯೆ ಮೂಡುವುದು ಸಾಮಾನ್ಯ. ಸಹಜ ಬಣ್ಣದ ಮರಿಗಳ ಕಥೆ ಇನ್ನೊಂದು ರೀತಿಯದು. ಅವು ಹುಟ್ಟುವಾಗ ಮಂಕಾಗಿದ್ದು, ಪ್ರತಿ ಪೊರೆಯೊಂದಿಗೆ ಕೆಂಪು ಕಿತ್ತಳೆಗಳು ಏರುತ್ತ ಹೋಗುತ್ತವೆ. ಅಂದರೆ ಇಂದು ಮನಸೋತ ಬಣ್ಣವೇ ಮೂರು ವರ್ಷದ ನಂತರವೂ ಉಳಿಯುತ್ತದೆ ಎಂದು ಭಾವಿಸಬೇಡಿ. ಇದಲ್ಲದೆ ‘ಸನ್‌ಕಿಸ್ಡ್’ ಎಂಬ ಬಣ್ಣದ ವಂಶಗಳಲ್ಲಿ ‘ಸ್ಟಾರ್‌ಗೇಜರ್’ ಎಂಬ ನರಸಂಬಂಧಿ ಆನುವಂಶಿಕ ದೋಷ ಕಂಡುಬಂದಿದೆ. ಆ ದೋಷವಿರುವ ಹಾವು ತಲೆಯನ್ನು ಮೇಲಕ್ಕೆ ತಿರುಚುತ್ತದೆ, ಸಮತೋಲ ತಪ್ಪಿ ತೂರಾಡುತ್ತದೆ. ದೋಷವನ್ನು ಹೊತ್ತ ತಂದೆತಾಯಿಗಳು ನೋಡಲು ಸಂಪೂರ್ಣ ಸಾಮಾನ್ಯವಾಗಿರಬಹುದಾದ್ದರಿಂದ, ಆ ವಂಶದ ಸುಳಿವಿದ್ದರೆ ಪರೀಕ್ಷೆ ಮಾಡಿಸಿದ್ದಾರೆಯೇ ಎಂದು ನೇರವಾಗಿ ಕೇಳಿ.

ಇನ್ನು ಆರೋಗ್ಯ. ಹಾವನ್ನು ಅವರೇ ಎತ್ತಿ ನಿಮ್ಮ ಕೈಗೆ ಕೊಡಲಿ. ಆರೋಗ್ಯವಂತ ಹಾವು ಜೋತುಬೀಳುವುದಿಲ್ಲ. ಅದರ ಸ್ನಾಯುಗಳು ನಿಮ್ಮ ಬೆರಳುಗಳನ್ನು ಹಗುರವಾಗಿ ಬಿಗಿಹಿಡಿಯುವುದು, ನಾಲಿಗೆ ಆಗಾಗ ಹೊರಬಂದು ಗಾಳಿಯನ್ನು ಸವರುವುದು ನಿಮಗೆ ಗೊತ್ತಾಗಬೇಕು. ಬೆನ್ನ ಮೇಲೆ ತಲೆಯಿಂದ ಬಾಲದವರೆಗೆ ಒಂದು ಬೆರಳನ್ನು ನಿಧಾನವಾಗಿ ಎಳೆದು ನೋಡಿ. ಗಂಟಾಗಲಿ ಡೊಂಕಾಗಲಿ ತಾಗಬಾರದು. ಬೆನ್ನೆಲುಬು ಏಣಿನಂತೆ ಎದ್ದು, ಎರಡೂ ಪಕ್ಕೆ ಇಳಿದು ಮೈ ತ್ರಿಕೋನಾಕಾರವಾಗಿದ್ದರೆ ಅದು ಬಡಕಲಾಗಿದೆ ಎಂದರ್ಥ. ಹೊಟ್ಟೆಯ ಅಗಲ ಹುರುಪೆಗಳನ್ನು ತಿರುಗಿಸಿ ನೋಡಿದಾಗ ಕಂದು ಕಲೆ, ಬೊಕ್ಕೆ, ಸುಟ್ಟ ಗುರುತು ಇರಬಾರದು, ಏಕೆಂದರೆ ಒದ್ದೆ ನೆಲಹಾಸೋ ನಿಯಂತ್ರಣವಿಲ್ಲದ ಹೀಟ್ ಮ್ಯಾಟೋ ಮಾಡಿದ ಹಾನಿ ಮೊದಲು ಕಾಣುವುದು ಅಲ್ಲಿಯೇ. ವಿಸರ್ಜನಾ ದ್ವಾರದ ಸುತ್ತ ಒಣಗಿದ ಮಲ ಅಂಟಿರಬಾರದು.

ಬಾಯನ್ನು ಬಲವಂತವಾಗಿ ತೆರೆಯಿಸುವ ಅಗತ್ಯವಿಲ್ಲ. ತುಟಿಯ ಗೆರೆ ಪೂರ್ತಿ ಕೂಡಿದೆಯೇ, ಅಂಚಿನಲ್ಲಿ ಲೋಳೆ ಅಥವಾ ನೊರೆಗುಳ್ಳೆ ಇದೆಯೇ ಎಂದು ನೋಡಿ, ಕಿವಿಯ ಹತ್ತಿರ ಹಿಡಿದು ಉಸಿರಾಟ ಕೇಳಿ. ಸಿಳ್ಳೆ ಅಥವಾ ಚಿಟಿಚಿಟಿ ಸದ್ದು ಶ್ವಾಸಕೋಶದ ಸೋಂಕಿನ ಲಕ್ಷಣವಾಗಿರಬಹುದು; ಪೊರೆ ಬಿಡುವ ಸಮಯದಲ್ಲಿ ಮೂಗಿನಲ್ಲಿ ಹಳೆಯ ಚರ್ಮ ಸಿಕ್ಕಿದಾಗಲೂ ಸಣ್ಣ ಸದ್ದು ಬರುವುದುಂಟು, ಆದ್ದರಿಂದ ಅಂಥ ಸಂದರ್ಭದಲ್ಲಿ ಪೊರೆ ಕಳಚಿದ ಮೇಲೆ ಮತ್ತೊಮ್ಮೆ ಹೋಗಿ ನೋಡಿ. ಕೊನೆಗೆ ನುಸಿ. ಗಲ್ಲದ ಕೆಳಗಿನ ಗೀರಿನಲ್ಲಿ, ಕಣ್ಣಿನ ಅಂಚಿನಲ್ಲಿ ಗಸಗಸೆ ಕಾಳಿಗಿಂತ ಸಣ್ಣ ಕಪ್ಪು ಚುಕ್ಕೆಗಳು ಕಂಡರೆ, ಅಥವಾ ಬಿಳಿ ಕಾಗದದ ಕರವಸ್ತ್ರದ ನಡುವೆ ಹಾವು ಹರಿದುಹೋದ ಮೇಲೆ ಅದರಲ್ಲಿ ಚುಕ್ಕೆಗಳು ಉಳಿದು ಅಲುಗಾಡಿದರೆ, ಆ ಹಾವನ್ನಷ್ಟೇ ಅಲ್ಲ, ಆ ಮನೆಯ ಯಾವ ಹಾವನ್ನೂ ತರಬೇಡಿ. ನೀರಿನ ಬಟ್ಟಲುಗಳ ತಳವನ್ನೂ ನೋಡಿ; ನುಸಿ ಕಾಟವಿರುವ ಹಾವು ಗಂಟೆಗಟ್ಟಲೆ ನೀರಿನಲ್ಲಿ ಮಲಗುತ್ತದೆ, ಸತ್ತ ನುಸಿಗಳು ತಳದಲ್ಲಿ ಕೂಡುತ್ತವೆ.

ಗಂಡೋ ಹೆಣ್ಣೋ ಎಂಬುದಕ್ಕೆ ಮೊದಲ ಹಾವಿನ ಆಯ್ಕೆಯಲ್ಲಿ ಹೆಚ್ಚು ತೂಕ ಕೊಡಬೇಕಾಗಿಲ್ಲ. ಗಂಡಿನ ಜೊತೆ ಸೇರದ ಹೆಣ್ಣೂ ಕೆಲವೊಮ್ಮೆ ಬರಡು ಮೊಟ್ಟೆ ಇಡಬಹುದು, ಮೊಟ್ಟೆ ಒಳಗೇ ಸಿಕ್ಕಿಕೊಳ್ಳಬಹುದು ಎಂಬಷ್ಟು ತಿಳಿದಿದ್ದರೆ ಸಾಕು. ಕೇಳಲೇಬೇಕಾದದ್ದು ಊಟದ ದಾಖಲೆ: ಯಾವ ದಿನ ಏನನ್ನು ತಿಂದಿತು, ಜೀವಂತವೋ ಹೆಪ್ಪುಗಟ್ಟಿಸಿ ಕರಗಿಸಿದ್ದೋ, ಎಂದಾದರೂ ನುಂಗಿದ್ದನ್ನು ಕಕ್ಕಿದೆಯೇ, ಕಡೆಯ ಪೊರೆ ಇಡಿಯಾಗಿ ಬಂತೇ. ಇದನ್ನು ಬರೆದಿಟ್ಟಿರುವ ಸಾಕಣೆದಾರರು ಒಳ್ಳೆಯ ಸಾಕಣೆದಾರರು. ಸಾಧ್ಯವಾದರೆ ನಿಮ್ಮ ಎದುರಿಗೇ ಒಮ್ಮೆ ಉಣಿಸಲು ಕೇಳಿಕೊಳ್ಳಿ, ಆದರೆ ಅದೇ ದಿನ ಹಾವನ್ನು ಮನೆಗೆ ತರಬೇಡಿ. ಹೊಟ್ಟೆ ತುಂಬಿದ ಹಾವಿಗೆ ಪ್ರಯಾಣ ಒಳ್ಳೆಯದಲ್ಲ.

ಉತ್ತರ
ಬರೆದವರು: ನಿಧಾನಗತಿ

ಆಯ್ಕೆಯ ಬಗ್ಗೆ ಕಲ್ಲುಸಂದಿ ಅವರು ಹೇಳಿದ್ದಕ್ಕೆ ನನ್ನ ಸಹಮತವಿದೆ. ನಾನು ಎತ್ತಿಕೊಳ್ಳುವ ವಿಷಯಕ್ಕೆ ಬರುತ್ತೇನೆ.

ಮೊದಲ ವಾರ ಮುಟ್ಟಲೇಬೇಡಿ. ನೀರು ಬದಲಿಸುವುದು, ಮಲವಿದ್ದರೆ ತೆಗೆಯುವುದು, ಇಷ್ಟೇ ನಿಮ್ಮ ಕೆಲಸ. ಹೊಸ ಜಾಗದಲ್ಲಿ ಬಿಸಿ ಎಲ್ಲಿದೆ, ಅಡಗಲು ಎಲ್ಲಿ ಸಾಧ್ಯ, ಯಾವ ಸದ್ದು ಅಪಾಯದ್ದಲ್ಲ ಎಂಬುದನ್ನು ಹಾವು ತಾನೇ ಹುಡುಕಿಕೊಳ್ಳಬೇಕು. ವಾರ ಕಳೆದ ಮೇಲೆ ಮೊದಲ ಊಟ ಕೊಡಿ. ಹಾವಿನ ಮೈಯ ಅತಿ ದಪ್ಪ ಭಾಗದಷ್ಟೋ ಅದಕ್ಕಿಂತ ಸ್ವಲ್ಪ ಹೆಚ್ಚೋ ದಪ್ಪವಿರುವ ಇಲಿ ಸರಿಯಾದ ಅಳತೆ. ಹೆಪ್ಪುಗಟ್ಟಿದ ಇಲಿಯನ್ನು ಪೂರ್ತಿ ಕರಗಿಸಿ, ಬಿಸಿನೀರಿನಲ್ಲಿ ಇರಿಸಿ ಮೈಬಿಸಿಗೆ ತಂದು, ಉದ್ದನೆಯ ಚಿಮುಟದಿಂದ ಕೊಡಿ, ಮೈಕ್ರೋವೇವ್‌ನಲ್ಲಿ ಇಡಬೇಡಿ. ಜೀವಂತ ಇಲಿಯನ್ನು ಬಿಡುವುದು ಬೇಡ, ಅದು ತಿರುಗಿಬಿದ್ದು ಹಾವನ್ನೇ ಗಾಯಗೊಳಿಸಬಲ್ಲದು. ಹೀಗೆ ಎರಡು ಮೂರು ಊಟಗಳನ್ನು ತಪ್ಪದೆ ತಿಂದು ಅರಗಿಸಿಕೊಂಡ ಮೇಲೆಯೇ ಎತ್ತಿಕೊಳ್ಳುವ ಮಾತು. ಕಾಯುವುದು ಕಷ್ಟ, ನನಗೆ ಗೊತ್ತು. ಆದರೆ ತಿನ್ನುತ್ತಿರುವ ಹಾವು ಎಂದರೆ ಆ ಜಾಗವನ್ನು ಒಪ್ಪಿಕೊಂಡ ಹಾವು, ಅದಕ್ಕಿಂತ ಸ್ಪಷ್ಟವಾದ ಒಪ್ಪಿಗೆಯನ್ನು ಅದು ಬೇರೆ ಯಾವ ರೀತಿಯಲ್ಲೂ ಕೊಡಲಾರದು.

ಎತ್ತಿಕೊಳ್ಳುವ ದಿನ ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ. ಹಾವು ಲೋಕವನ್ನು ಅರಿಯುವುದು ಬಹುಪಾಲು ನಾಲಿಗೆ ತಂದುಕೊಡುವ ವಾಸನೆಯ ಕಣಗಳಿಂದ. ಕೈಯಲ್ಲಿ ಇಲಿಯ ವಾಸನೆ ಇದ್ದರೆ ಅದಕ್ಕೆ ಕೈಯೇ ಊಟ. ಪೆಟ್ಟಿಗೆಯ ಬಾಗಿಲು ತೆರೆದು ಒಂದೆರಡು ಕ್ಷಣ ಸುಮ್ಮನಿರಿ. ನಂತರ ಸುತ್ತಿದ ಕಾಗದದ ತುದಿಯಿಂದಲೋ ಹಾವಿನ ಕೊಕ್ಕೆಯಿಂದಲೋ ಅದರ ಮೈಯ ನಡುಭಾಗವನ್ನು ಹಗುರವಾಗಿ ಸವರಿ. ಪ್ರತಿ ಸಲವೂ ಹೀಗೆ ಮಾಡುತ್ತ ಬಂದರೆ, ಬಾಗಿಲು ತೆರೆಯುವುದೆಂದರೆ ಊಟವೇ ಎಂದು ಅದು ಭಾವಿಸುವುದು ತಪ್ಪುತ್ತದೆ. ಕೈಯನ್ನು ಮೇಲಿನಿಂದ ಇಳಿಸಬೇಡಿ, ಏಕೆಂದರೆ ಹದ್ದು ಬರುವುದು ಹಾಗೆಯೇ. ಪಕ್ಕದಿಂದ, ನೆಲಮಟ್ಟದಲ್ಲಿ ಕೈ ಸರಿಸಿ, ಮೈಯ ಮಧ್ಯಭಾಗದ ಕೆಳಗೆ ಬೆರಳುಗಳನ್ನು ಹಾಯಿಸಿ ಎತ್ತಿ, ಇನ್ನೊಂದು ಕೈಯನ್ನು ಹಿಂಭಾಗಕ್ಕೆ ಆಸರೆಯಾಗಿ ಕೊಡಿ. ತಡವರಿಸುತ್ತ ಕೈಯನ್ನು ಹಿಂದೆ ಮುಂದೆ ಆಡಿಸುವುದಕ್ಕಿಂತ, ನಿಧಾನವಾಗಿ ಆದರೆ ಒಂದೇ ನಿರ್ಧಾರದಲ್ಲಿ ಎತ್ತುವುದು ಹಾವಿಗೂ ಒಳ್ಳೆಯದು, ನಿಮಗೂ ಒಳ್ಳೆಯದು.

ಎತ್ತಿದ ಮೇಲೆ ಹಿಡಿದುಕೊಳ್ಳಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ನಿಮ್ಮ ಕೈಗಳು ಹಾವಿಗೆ ಹರಿದುಹೋಗಲು ಸಿಕ್ಕ ಕೊಂಬೆಗಳಾಗಬೇಕು, ಅದನ್ನು ಅದುಮುವ ಇಕ್ಕಳವಾಗಬಾರದು. ಅದು ಮುಂದೆ ಸಾಗಿದಂತೆ ಒಂದು ಕೈಯ ಮುಂದೆ ಇನ್ನೊಂದು ಕೈಯನ್ನು ಇಡುತ್ತ ಹೋಗಿ. ತಲೆಯನ್ನು ಮುಟ್ಟಬೇಡಿ, ಕುತ್ತಿಗೆಯನ್ನು ಹಿಡಿಯಬೇಡಿ, ಬಾಲದಿಂದ ಎತ್ತಬೇಡಿ. ಕುತ್ತಿಗೆ ಬಿಗಿಯಾದ ಕೂಡಲೇ ಯಾವುದೋ ಪ್ರಾಣಿ ತನ್ನನ್ನು ಹಿಡಿಯಿತೆಂದೇ ಅದು ತಿಳಿಯುತ್ತದೆ. ನಿಮ್ಮ ಮುಖದ ಹತ್ತಿರಕ್ಕೂ ತರಬೇಡಿ.

ಬೀಳಿಸುವ ಭಯಕ್ಕೆ ಸರಳ ಪರಿಹಾರವಿದೆ: ನಿಂತುಕೊಂಡು ಎತ್ತಿಕೊಳ್ಳಬೇಡಿ. ಪೆಟ್ಟಿಗೆಯ ಪಕ್ಕದಲ್ಲೇ ನೆಲದ ಮೇಲೆ ಕುಳಿತು, ಮಡಿಲಲ್ಲಿ ದಪ್ಪನೆಯ ಬಟ್ಟೆಯೊಂದನ್ನು ಹರಡಿಕೊಂಡು, ಕೈಗಳನ್ನು ಮಡಿಲಿನಿಂದ ಒಂದು ಗೇಣು ಎತ್ತರದಲ್ಲಿಟ್ಟುಕೊಳ್ಳಿ. ಹಾವು ಥಟ್ಟನೆ ಹೊರಳಿ ನೀವು ಬೆಚ್ಚಿದರೂ ಅದು ಬೀಳುವುದು ಮೆತ್ತನೆಯ ಬಟ್ಟೆಯ ಮೇಲೆ. ಬೀಳುವುದರಿಂದ ಅಪಾಯವಿಲ್ಲ ಎಂಬುದು ಗಟ್ಟಿಯಾದ ಮೇಲೆ ಬೆಚ್ಚುವುದೂ ತಾನಾಗಿ ಕಡಿಮೆಯಾಗುತ್ತದೆ. ಕೋಣೆಯ ಬಾಗಿಲು ಮುಚ್ಚಿರಲಿ, ಪೀಠೋಪಕರಣಗಳ ಹಿಂದಿನ ಸಂದುಗಳು ದೂರವಿರಲಿ.

ಆರಂಭದಲ್ಲಿ ಐದು ನಿಮಿಷ ಸಾಕು, ವಾರಕ್ಕೆ ಎರಡು ಮೂರು ಸಲ. ನಾಲಿಗೆಯನ್ನು ನಿಧಾನವಾಗಿ ಆಡಿಸುತ್ತ, ನಿಂತು ನಿಂತು ಸಾಗುತ್ತಿದ್ದರೆ ಅದು ನೆಮ್ಮದಿಯಾಗಿದೆ. ಅಂಥ ದಿನಗಳು ಹೆಚ್ಚಾದಂತೆ ಹದಿನೈದು ಇಪ್ಪತ್ತು ನಿಮಿಷಕ್ಕೆ ಏರಿಸಿ. ಜಗ್ಗುತ್ತ ಓಡುವುದು, ಮೈ ಗಟ್ಟಿಮಾಡಿಕೊಂಡು ಕದಲದೆ ನಿಲ್ಲುವುದು, ಬಾಲ ನಡುಗಿಸುವುದು, ದುರ್ನಾತದ ದ್ರವ ಬಿಡುವುದು ಇವೆಲ್ಲ ಸಾಕೆಂಬ ಸೂಚನೆಗಳು. ಮರಳಿ ಬಿಡುವಾಗ ಪೆಟ್ಟಿಗೆಯೊಳಗೆ ಹಾಕದೆ, ಅಡಗುದಾಣದ ಬಾಯಿಯ ಮುಂದೆ ಕೈಯಿಟ್ಟು ಅದು ತಾನೇ ಇಳಿದುಹೋಗಲು ಬಿಡಿ.

ಎರಡು ಸಮಯಗಳಲ್ಲಿ ಮಾತ್ರ ಎಷ್ಟೇ ಆಸೆಯಾದರೂ ಎತ್ತಬಾರದು. ಊಟವಾದ ನಂತರ ಕನಿಷ್ಠ 48 ಗಂಟೆ ಅದನ್ನು ಬಿಟ್ಟುಬಿಡಿ, ನುಂಗಿದ ಇಲಿಯ ಉಬ್ಬು ಇನ್ನೂ ಕಾಣುತ್ತಿದ್ದರೆ ಅದು ಇಳಿಯುವವರೆಗೂ ಕಾಯಿರಿ. ಇಲ್ಲದಿದ್ದರೆ ಕಕ್ಕಿಬಿಡುತ್ತದೆ. ಹಾಗೆ ಕಕ್ಕಿದಾಗ ಜಠರರಸವೂ ಹೊರಗೆ ಹೋಗಿ ಅನ್ನನಾಳ ಸುಟ್ಟಂತಾಗುವುದರಿಂದ ಮುಂದಿನ ಊಟಕ್ಕೆ ಹತ್ತು ದಿನಗಳಿಂದ ಎರಡು ವಾರದವರೆಗೆ ಬಿಡುವು ಬೇಕು, ಆಮೇಲೂ ಮೊದಲಿಗಿಂತ ಸಣ್ಣ ಇಲಿಯಿಂದ ಆರಂಭಿಸಬೇಕು. ಇನ್ನೊಂದು, ಪೊರೆ ಬಿಡುವ ಮುಂಚಿನ ದಿನಗಳು. ಬಣ್ಣ ಮಂಕಾಗಿ, ಕಣ್ಣುಗಳ ಮೇಲೆ ಹಾಲಿನಂಥ ನೀಲಿ ಮಬ್ಬು ಕವಿಯುತ್ತದೆ. ಆಗ ಅದಕ್ಕೆ ಸರಿಯಾಗಿ ಕಾಣಿಸದು, ಆದ್ದರಿಂದ ಸಹಜವಾಗಿಯೇ ಮುಂಗೋಪಿಯಾಗಿರುತ್ತದೆ. ಕಳಚಿದ ಪೊರೆಯನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಮಾಡಿಕೊಳ್ಳಿ: ತಲೆಯ ಭಾಗದಲ್ಲಿ ಎರಡು ಕಣ್ಣುಗಳ ಪಾರದರ್ಶಕ ಬಿಲ್ಲೆಗಳು, ಇನ್ನೊಂದು ತುದಿಯಲ್ಲಿ ಬಾಲದ ಚೂಪಾದ ಕೊನೆ, ಎರಡೂ ಇದ್ದರೆ ಪೊರೆ ಪೂರ್ತಿ ಬಂದಿದೆ. ಬಾಲದ ತುದಿಯಲ್ಲಿ ಹಳೆಯ ಚರ್ಮದ ಉಂಗುರ ಉಳಿದರೆ ರಕ್ತಸಂಚಾರ ನಿಂತು ಆ ತುದಿಯೇ ಸಾಯಬಹುದು.

ಉತ್ತರ
ಬರೆದವರು: ಎಳೆಬಿಸಿಲು

ಕಲ್ಲುಸಂದಿ ಅವರ ಸಲಹೆಯನ್ನು ಗೌರವಿಸುತ್ತಲೇ ಒಂದು ಮಾತು ಸೇರಿಸಬಯಸುತ್ತೇನೆ. ಮರಿಯನ್ನು ತರುವುದೇ ತಪ್ಪು ಎಂಬ ಭಾವನೆ ಬರಬಾರದು. ಐದಾರು ಊಟಗಳನ್ನು ಬಿಡದೆ, ಅದೂ ಹೆಪ್ಪುಗಟ್ಟಿಸಿ ಕರಗಿಸಿದ ಪಿಂಕಿಗಳನ್ನು ತಿಂದಿರುವ ದಾಖಲೆ ಇದ್ದರೆ ಮರಿಯೂ ಒಳ್ಳೆಯ ಆಯ್ಕೆಯೇ, ಮತ್ತು ಅದು ಬೆಳೆಯುವುದನ್ನು ಪೊರೆಯಿಂದ ಪೊರೆಗೆ ನೋಡುವ ಸಂತೋಷ ದೊಡ್ಡದು. ಆದರೆ ಪೆಟ್ಟಿಗೆಯನ್ನು ಮತ್ತೊಮ್ಮೆ ಪರೀಕ್ಷಿಸಿ. ಕಾರ್ನ್ ಸ್ನೇಕ್ ತಪ್ಪಿಸಿಕೊಳ್ಳುವುದರಲ್ಲಿ ಬಹಳ ಚುರುಕು. ಅದರ ತಲೆ ತೂರುವ ಸಂದಿನಲ್ಲಿ ಸಾಮಾನ್ಯವಾಗಿ ಮೈಯೂ ತೂರುತ್ತದೆ, ಮರಿಯ ತಲೆ ಎಷ್ಟು ಸಣ್ಣದೆಂದು ನೀವೇ ನೋಡಿದ್ದೀರಿ. ಜಾರುವ ಗಾಜಿನ ಬಾಗಿಲುಗಳ ನಡುವಿನ ಸಂದು, ವೈರು ಹೊರಬರುವ ತೂತು, ಇವೆರಡನ್ನೂ ಮುಚ್ಚಿ, ಬೀಗ ಹಾಕಿ.

ಮರಿಯಾಗಲಿ ದೊಡ್ಡದಾಗಲಿ, ಜೊತೆಗಿರಲಿ ಎಂದು ಎರಡು ಹಾವುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಇಡಬೇಡಿ. ಇವು ಒಂಟಿಯಾಗಿ ಬದುಕುವ ಜೀವಿಗಳು. ಒಂದು ಇನ್ನೊಂದನ್ನು ನುಂಗಿದ ಪ್ರಸಂಗಗಳೂ ಇವೆ.

ಮರುಪ್ರಶ್ನೆ
ಬರೆದವರು: ಮುಂಜಾವು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಒಂದು ವರ್ಷದ ಹಾವನ್ನೇ ತರುವುದೆಂದು ಮನಸ್ಸು ಗಟ್ಟಿಮಾಡಿಕೊಂಡಿದ್ದೇನೆ. ಉಳಿದಿರುವುದು ಎರಡು ಸಂದೇಹ. ನಾನು ಎತ್ತಲು ಹೋದಾಗ ಅದು ಕುತ್ತಿಗೆಯನ್ನು ಹಿಂದಕ್ಕೆ ಮಡಿಸಿ ಎರಗಲು ಸಿದ್ಧವಾದರೆ ನಾನು ಕೈ ಹಿಂದಕ್ಕೆ ತೆಗೆದುಕೊಳ್ಳಬೇಕೇ ಅಥವಾ ಎತ್ತಿಬಿಡಬೇಕೇ? ನಿಜಕ್ಕೂ ಕಚ್ಚಿ ಹಿಡಿದರೆ ಏನು ಮಾಡಬೇಕು? ಎರಡನೆಯದು, ನನ್ನ ತಂಗಿಯ ನಾಲ್ಕು ವರ್ಷದ ಮಗ ಆಗಾಗ ಮನೆಗೆ ಬರುತ್ತಾನೆ. ಅವನಿಗೆ ಹಾವನ್ನು ಮುಟ್ಟಲು ಕೊಡಬಹುದೇ?

ಉತ್ತರ
ಬರೆದವರು: ನಿಧಾನಗತಿ

ಮೊದಲ ಪ್ರಶ್ನೆಗೆ ಉತ್ತರಿಸುತ್ತೇನೆ. ಕುತ್ತಿಗೆಯನ್ನು ಮಡಿಸಿ ನಿಂತ ಹಾವು ತನ್ನ ಭಯವನ್ನು ಹೇಳುತ್ತಿದೆ. ಆಗ ಕೈಯನ್ನು ಸರ್ರನೆ ಎಳೆದುಕೊಳ್ಳುವುದೂ ಬೇಡ, ಮೇಲೆ ಬಿದ್ದು ಹಿಡಿಯುವುದೂ ಬೇಡ. ಕೈಯನ್ನು ಅದರ ಎಟುಕಿನಾಚೆ ಇದ್ದಲ್ಲೇ ನಿಲ್ಲಿಸಿ, ಅದು ಕುತ್ತಿಗೆ ಸಡಿಲಿಸುವವರೆಗೆ ಕಾಯಿರಿ. ಸಡಿಲಿಸಿದರೆ ನಡುಭಾಗದಿಂದ ಎತ್ತಿ, ಒಂದೆರಡು ನಿಮಿಷದಲ್ಲೇ ಮರಳಿ ಬಿಡಿ. ಸಡಿಲಿಸದಿದ್ದರೆ ಆ ದಿನಕ್ಕೆ ಬಾಗಿಲು ಮುಚ್ಚಿ. ಅಡಗುದಾಣದ ಒಳಗಿದ್ದಾಗ ಕೈ ತೂರಿಸಿ ಎಳೆಯುವುದಂತೂ ಸಲ್ಲದು. ಅದಕ್ಕೆ ಸುರಕ್ಷಿತವೆನಿಸುವ ಒಂದು ಜಾಗವಾದರೂ ಉಳಿಯಲೇಬೇಕು. ವಾರಗಳು ಕಳೆದರೂ ಇದೇ ಮುಂದುವರಿದರೆ ಹಾವಿನ ಸ್ವಭಾವವನ್ನು ದೂರುವ ಮೊದಲು ಪೆಟ್ಟಿಗೆಯನ್ನು ನೋಡಿ. ಅಡಗುದಾಣ ತೀರ ಅಗಲವಾಗಿದ್ದು ಮೈಗೆ ಒತ್ತಿಕೊಳ್ಳದಿರಬಹುದು, ಬಿಸಿ ಹೆಚ್ಚಾಗಿರಬಹುದು, ಮರೆ ಸಾಲದೆ ಎಲ್ಲ ಕಡೆಯಿಂದ ತಾನು ಕಾಣುತ್ತಿದ್ದೇನೆ ಎಂಬ ಭಾವನೆ ಅದಕ್ಕಿರಬಹುದು. ಕೃತಕ ಎಲೆಗಳು, ಮರದ ತೊಗಟೆ, ಇನ್ನೊಂದು ಇಕ್ಕಟ್ಟಾದ ಅಡಗುದಾಣ ಸೇರಿಸಿದರೆ ಎಷ್ಟೋ ಹಾವುಗಳ ವರ್ತನೆಯೇ ಬದಲಾಗುತ್ತದೆ.

ಕಚ್ಚುವುದರಲ್ಲಿ ಎರಡು ಬಗೆ. ಹೆದರಿ ಕಚ್ಚಿದ ಹಾವು ತಕ್ಷಣ ಬಿಟ್ಟು ಹಿಂದೆ ಸರಿಯುತ್ತದೆ, ಸೂಜಿಮೊನೆ ತಾಗಿದಷ್ಟು ಗೀರು ಉಳಿಯುತ್ತದೆ. ಊಟವೆಂದು ತಿಳಿದು ಕಚ್ಚಿದ್ದಾದರೆ ಹಿಡಿದುಕೊಂಡು ಬೆರಳಿಗೆ ಸುತ್ತಿಕೊಳ್ಳುತ್ತದೆ. ಆಗ ಎಳೆಯಬೇಡಿ. ಅದರ ಹಲ್ಲುಗಳೆಲ್ಲ ಗಂಟಲಿನ ಕಡೆಗೆ ಬಾಗಿರುತ್ತವೆ, ಎಳೆದಷ್ಟೂ ನಿಮ್ಮ ಚರ್ಮ ಹರಿಯುತ್ತದೆ, ಅದರ ಹಲ್ಲು ಮುರಿಯುತ್ತದೆ, ಬಾಯಿಗೆ ಸೋಂಕು ತಗಲುತ್ತದೆ. ಮೈಗೆ ಆಸರೆ ಕೊಟ್ಟು, ಬಾಲದ ಕಡೆಯಿಂದ ಸುತ್ತು ಬಿಡಿಸುತ್ತ ಬನ್ನಿ. ಬಿಡದಿದ್ದರೆ ನಲ್ಲಿಯ ತಣ್ಣೀರನ್ನು ಅದರ ತಲೆಯ ಮೇಲೆ ಹಗುರವಾಗಿ ಹರಿಸಿ. ಬಿಟ್ಟ ಮೇಲೆ ಗಾಯವನ್ನು ಸೋಪು ನೀರಿನಲ್ಲಿ ತೊಳೆದು ನಂಜುನಿರೋಧಕ ಹಚ್ಚಿ. ನಿಮ್ಮ ಧನುರ್ವಾಯು ಲಸಿಕೆಯ ಅವಧಿ ಮುಗಿದಿಲ್ಲವೆಂದು ಖಚಿತಪಡಿಸಿಕೊಂಡಿರಿ.

ಉತ್ತರ
ಬರೆದವರು: ಹುಲ್ಲುಗಾವಲು

ಮಗುವಿನ ಪ್ರಶ್ನೆಗೆ ನನ್ನ ಉತ್ತರ ಬೇಡವೆಂದೇ. ಆರೋಗ್ಯವಾಗಿರುವ ಹಾವಿನ ಕರುಳಿನಲ್ಲೂ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಅದು ಮಲದ ಮೂಲಕ ಮೈಗೆ, ನೆಲಹಾಸಿಗೆ, ನೀರಿನ ಬಟ್ಟಲಿಗೆ ಹರಡುತ್ತದೆ. ಹಾವಿಗೆ ಅದರಿಂದ ತೊಂದರೆಯೇ ಇಲ್ಲದಿರಬಹುದು, ಆದರೆ ಐದು ವರ್ಷದೊಳಗಿನ ಮಕ್ಕಳು, 65 ದಾಟಿದ ಹಿರಿಯರು, ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಂದಿದವರು ಇವರಲ್ಲಿ ತೀವ್ರವಾದ ಕಾಯಿಲೆ ತರಬಲ್ಲದು. ಪುಟ್ಟ ಮಕ್ಕಳು ಮುಟ್ಟಿದ ಕೈಯನ್ನು ಬಾಯಿಗೆ ಒಯ್ಯುವುದನ್ನು ಯಾರೂ ಪೂರ್ತಿ ತಡೆಯಲಾರರು. ಅವನು ಗಾಜಿನ ಈಚೆಯಿಂದ ನೋಡಲಿ. ಹಾವು ನೀರು ಕುಡಿಯುವುದು, ಕೊಂಬೆ ಏರುವುದು ಮಕ್ಕಳಿಗೆ ಅಷ್ಟೇ ಬೆರಗಿನ ನೋಟ. ಐದು ತುಂಬಿದ ಮೇಲೆ ನೀವು ಹಾವನ್ನು ಹಿಡಿದು, ಅವನು ಕುಳಿತು, ಬೆನ್ನಿನ ಹಿಂಭಾಗವನ್ನು ಎರಡು ಬೆರಳಿನಿಂದ ಸವರಿ, ಕೂಡಲೇ ನಿಮ್ಮ ಕಣ್ಣೆದುರಿಗೇ ಕೈ ತೊಳೆಯುವುದರಿಂದ ಆರಂಭಿಸಬಹುದು.

ಪೆಟ್ಟಿಗೆಯ ಪಾತ್ರೆಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಹೆಪ್ಪುಗಟ್ಟಿಸುವುದರಿಂದ ಸಾಲ್ಮೊನೆಲ್ಲಾ ಸಾಯುವುದಿಲ್ಲವಾದ್ದರಿಂದ ಇಲಿಗಳನ್ನು ಮನೆಯವರ ಆಹಾರದಿಂದ ಬೇರೆಯಾಗಿ, ಮುಚ್ಚಿದ ಡಬ್ಬಿಯಲ್ಲಿ ಇಡಿ, ಕರಗಿಸುವ ಬಟ್ಟಲೂ ಬೇರೆಯೇ ಇರಲಿ.

ಮುಂಗಡ ಕೊಡುವ ಮೊದಲು ಇನ್ನೆರಡು ವಿಚಾರಗಳನ್ನು ಮುಗಿಸಿಕೊಳ್ಳಿ. ನಿಮ್ಮ ಪ್ರದೇಶದ ಕಾನೂನು ಈ ಹಾವನ್ನು ಸಾಕಲು ಒಪ್ಪುತ್ತದೆಯೇ, ಪರವಾನಗಿ ಬೇಕೇ ಎಂಬುದನ್ನು ಸಂಬಂಧಪಟ್ಟ ಇಲಾಖೆಯಿಂದಲೇ ಕೇಳಿ ತಿಳಿಯಿರಿ. ಎಲ್ಲ ಕಡೆ ನಿಯಮ ಒಂದೇ ಅಲ್ಲ: ಹೊರಗಿನಿಂದ ಬಂದು ಸ್ಥಳೀಯ ಜೀವಿಗಳಿಗೆ ಕುತ್ತು ತರಬಹುದೆಂಬ ಕಾರಣಕ್ಕೆ ಆಸ್ಟ್ರೇಲಿಯಾದಲ್ಲಿ ಸಾರ್ವಜನಿಕರು ಇದನ್ನು ಸಾಕುವಂತಿಲ್ಲ. ಅದರ ತವರಿನಲ್ಲೇ ಇರುವ ಜಾರ್ಜಿಯಾ ರಾಜ್ಯದಲ್ಲಿ, ಅದು ಅಲ್ಲಿಯ ಸ್ಥಳೀಯ ವನ್ಯಜೀವಿ ಎಂಬ ಕಾರಣಕ್ಕೆ, ಮನೆಯಲ್ಲಿ ಸಾಕುವುದಕ್ಕೆ ನಿಷೇಧವಿದೆ. ಕೆರಿಬಿಯನ್ ಸಮುದ್ರದ ಕೆಲವು ದ್ವೀಪಗಳಲ್ಲಿ ಹೊರಗಿನಿಂದ ಬಂದ ಕಾರ್ನ್ ಸ್ನೇಕ್‌ಗಳು ಈಗಾಗಲೇ ನೆಲೆಯೂರಿವೆ. ಆದ್ದರಿಂದ ಮುಂದೆ ಯಾವ ಪರಿಸ್ಥಿತಿ ಬಂದರೂ ಹಾವನ್ನು ಹೊರಗೆ ಬಿಡುವಂತಿಲ್ಲ. ನಿಮ್ಮಿಂದ ಸಾಧ್ಯವಾಗದಿದ್ದರೆ ಅದನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಈಗಲೇ ಮಾತನಾಡಿಕೊಂಡಿರಿ.

ಇನ್ನೊಂದು, ಸರೀಸೃಪಗಳನ್ನು ನೋಡುವ ಪಶುವೈದ್ಯರು. ಎಲ್ಲ ಪಶುವೈದ್ಯರಿಗೂ ಹಾವಿನ ಚಿಕಿತ್ಸೆಯ ಅನುಭವ ಇರುವುದಿಲ್ಲ, ಬಾಯಿ ತೆರೆದು ಉಸಿರಾಡುವ ಹಾವನ್ನು ಹಿಡಿದುಕೊಂಡು ಅಂಥವರನ್ನು ಹುಡುಕುವ ಸ್ಥಿತಿ ಬರಬಾರದು. ಮೊದಲೇ ವಿಚಾರಿಸಿ ವಿಳಾಸ ಬರೆದಿಟ್ಟುಕೊಳ್ಳಿ. ಹಾವು ಬಂದ ಮೇಲೆ ಮೊದಲ ಬಾರಿ ಮಲ ಹಾಕಿದಾಗ ಅದರ ತಾಜಾ ಮಾದರಿಯನ್ನು ಮುಚ್ಚಳವಿರುವ ಸಣ್ಣ ಡಬ್ಬಿಯಲ್ಲಿ ತೆಗೆದುಕೊಂಡುಹೋಗಿ ಪರಾವಲಂಬಿಗಳಿಗಾಗಿ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಮರದ ಹೊಟ್ಟಿನ ಬದಲು ಕಾಗದವನ್ನೇ ಹಾಸಿದರೆ ಮಲವೂ ಸ್ಪಷ್ಟವಾಗಿ ಕಾಣುತ್ತದೆ, ನುಸಿಯಿದ್ದರೆ ಅದೂ ಕಾಣುತ್ತದೆ. ನಂತರ ಆಸ್ಪೆನ್ ಮರದ ಹೊಟ್ಟು ಹಾಕಬಹುದು. ಸೀಡರ್ ಮತ್ತು ಪೈನ್ ಹೊಟ್ಟು ಬೇಡ, ಅವುಗಳಲ್ಲಿರುವ ಎಣ್ಣೆಯ ಆವಿ ಹಾವಿನ ಉಸಿರಾಟಕ್ಕೆ ಹಾನಿಕರ.